ಹೋಗುವಾಗ ಪ್ಲಸ್, ಬರುವಾಗ ಮೈನಸ್: ನಡಿಗೆಯ ದಿಕ್ಕು ಮತ್ತು ಕೋನಗಳ ಲೆಕ್ಕ

ಪೂರ್ವಕ್ಕೆ ಮುಖಮಾಡಿ ನಿಂತರೆ ಎಡಗಡೆ ಉತ್ತರ. ತಿರುಗಿ ಪಶ್ಚಿಮಕ್ಕೆ ನಿಂತರೆ ಎಡಗಡೆ ದಕ್ಷಿಣ. ಗೇಟ್ ಲ್ಯಾಬಿನ (ನಡಿಗೆ ಅಳೆಯುವ ಪ್ರಯೋಗಾಲಯದ) ದತ್ತಾಂಶ ನೋಡಿ ತಲೆ ಕೆಡುವಾಗೆಲ್ಲ ನಾನು ಇದನ್ನೇ ನೆನೆಸಿಕೊಳ್ಳುತ್ತೇನೆ. ಎಡ–ಬಲ ಮೈಯದು, ಪೂರ್ವ–ಪಶ್ಚಿಮ ನೆಲದ್ದು.

ಲ್ಯಾಬಿನ ಅಕ್ಷಗಳು ನೆಲದವು. ಎಕ್ಸ್ ನಡೆಯುವ ಹಾದಿಯ ಉದ್ದಕ್ಕೆ, ವೈ ಅಡ್ಡಕ್ಕೆ, ಝಡ್ ಮೇಲಕ್ಕೆ ಎಂದಿಟ್ಟುಕೊಳ್ಳಿ. (ಅಂತರರಾಷ್ಟ್ರೀಯ ಬಯೋಮೆಕ್ಯಾನಿಕ್ಸ್ ಸೊಸೈಟಿಯ ಶಿಫಾರಸಿನಲ್ಲಿ ಮೇಲ್ಮುಖ ಅಕ್ಷ ವೈ. ಯಾವ ಪದ್ಧತಿ ಎಂದು ಮೊದಲೇ ನೋಡಿಕೊಳ್ಳಿ.)

ಮೊಣಕಾಲಿನ ಕೋನ ಎಂದರೆ ತೊಡೆಗೆ ಹೋಲಿಸಿ ಕಣಕಾಲು (ಮೊಣಕಾಲಿನ ಕೆಳಗಿನ ಭಾಗ) ಎಷ್ಟು ಮಡಚಿದೆ ಎಂಬುದು. ಲೆಕ್ಕದಲ್ಲಿ ನೆಲವೇ ಇಲ್ಲ. ಕಾಲು ಮುಂದಕ್ಕೆ ಬೀಸುವಾಗ ಸುಮಾರು 60 ಡಿಗ್ರಿ ಮಡಚುತ್ತದೆ. ಹೋಗುವಾಗಲೂ ಅಷ್ಟೇ, ಬರುವಾಗಲೂ ಅಷ್ಟೇ.

ಪೆಲ್ವಿಸ್ (ಸೊಂಟದ ಮೂಳೆಗೂಡು), ಮುಂಡ, ಪಾದದ ದಿಕ್ಕು ಹಾಗಲ್ಲ. ಇವನ್ನು ಲ್ಯಾಬಿಗೆ ಹೋಲಿಸಿ ಅಳೆಯುತ್ತೇವೆ. ಪೆಲ್ವಿಸ್ 10 ಡಿಗ್ರಿ ಮುಂದಕ್ಕೆ ಬಾಗಿದೆ ಎನ್ನಿ. ಲ್ಯಾಬಿನ ವೈ ಅಕ್ಷದ ಸುತ್ತ ಅಳೆದರೆ ಹೋಗುವಾಗ +10, ಬರುವಾಗ −10. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ಸೊನ್ನೆ! ಬಾಗಿದ ಸೊಂಟ ನೆಟ್ಟಗಾಗಿಬಿಟ್ಟಿತು. ಅಡ್ಡಲಾಗಿ, ವೈ ಕಡೆಗೆ ನಡೆದರಂತೂ ಮುಂಬಾಗು ಪಕ್ಕದ ವಾಲಿನಂತೆ ದಾಖಲಾಗುತ್ತದೆ. ಇದು ಹೆಚ್ಚು ಅಪಾಯ, ಏಕೆಂದರೆ ಸಂಖ್ಯೆ ನಂಬುವಂತೆಯೇ ಇರುತ್ತದೆ.

ಫೋರ್ಸ್ ಪ್ಲೇಟಿನಲ್ಲೂ (ಹೆಜ್ಜೆಯ ಬಲ ಅಳೆಯುವ ನೆಲದ ಹಲಗೆ) ಇದೇ ಕಥೆ. ಹಿಮ್ಮಡಿ ಊರಿದಾಗ ನೆಲ ನಮ್ಮನ್ನು ತಡೆಯುತ್ತದೆ, ಬೆರಳಿನಿಂದ ಒತ್ತಿದಾಗ ಮುಂದೂಡುತ್ತದೆ. ದಿಕ್ಕು ತಿರುಗಿದರೆ ಎರಡರ ಚಿಹ್ನೆಯೂ ಅದಲುಬದಲು. ಲಂಬ ಬಲ ಮಾತ್ರ ಹಾಗೇ.

ಪರಿಹಾರದಲ್ಲೇ ಎಲ್ಲರೂ ಎಡವುವುದು: ಎಕ್ಸ್‌ಗೆ ಮಾತ್ರ ಮೈನಸ್ ಹಾಕುವುದು. ಅದು ತಿರುಗಿಸುವುದಲ್ಲ, ಕನ್ನಡಿ ಹಿಡಿಯುವುದು. ಬಲಗಾಲಿನ ಮಾರ್ಕರ್ (ಕ್ಯಾಮೆರಾಗೆ ಕಾಣಲೆಂದು ಮೈಗೆ ಅಂಟಿಸಿದ ಗುರುತು) ಎಡಗಡೆಗೆ ಹೋಗಿಬಿಡುತ್ತದೆ. ಬರುವಾಗಿನ ದತ್ತಾಂಶವನ್ನು ಝಡ್ ಸುತ್ತ 180 ಡಿಗ್ರಿ ತಿರುಗಿಸಿ, ಆಗ ಎಕ್ಸ್, ವೈ ಎರಡರ ಚಿಹ್ನೆಯೂ ಬದಲಾಗುತ್ತದೆ. ಓರೆಯಾಗಿ ನಡೆದಿದ್ದರೆ ಪೆಲ್ವಿಸ್‌ನ ನಡುಬಿಂದು ಹೊರಟ ಜಾಗ, ತಲುಪಿದ ಜಾಗ ನೋಡಿ ಕೋನ ಕಂಡುಕೊಂಡು ಅಷ್ಟೇ ತಿರುಗಿಸಿ. ಹಾದಿ ವಕ್ರವಾದರೆ ಒಂದೇ ಕೋನ ಸಾಲದು, ಹೆಜ್ಜೆ ಹೆಜ್ಜೆಗೂ ಬೇರೆ ಬೇಕು.

ಸರಿಯಾಯಿತೇ ಎಂದು ನೋಡಲು ಹೋದ ಒಂದು, ಬಂದ ಒಂದು ನಡಿಗೆಯ ಪೆಲ್ವಿಸ್ ಗ್ರಾಫನ್ನು ಒಂದರ ಮೇಲೊಂದು ಇಡಿ. ಎಡಗಾಲಿಗೆ ಎಡಗಾಲನ್ನೇ ಹೋಲಿಸಿ.