ಸಿಎಸ್ ಸಿಗದೆ ಐಎಸ್‌ಗೆ ಬಂದವರಿಗೆ

ಸಿಇಟಿ ಆಪ್ಷನ್ ಎಂಟ್ರಿ (ಬೇಕಾದ ಕಾಲೇಜು, ಬ್ರಾಂಚುಗಳನ್ನು ಇಷ್ಟದ ಕ್ರಮದಲ್ಲಿ ನಮೂದಿಸುವುದು) ಶುರುವಾಯಿತೆಂದರೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುವವರ ಫೋನಿಗೆ ಬಿಡುವಿರುವುದಿಲ್ಲ. ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಒಳ್ಳೇ ಕಾಲೇಜಲ್ಲಿ ಐಎಸ್ ಸಿಗೋ ಹಾಗಿದೆ, ಸುಮಾರಾಗಿರೋ ಕಾಲೇಜಲ್ಲಿ ಸಿಎಸ್. ಯಾವ್ದನ್ನ ಮೇಲೆ ಹಾಕೋಣ?" ಐಎಸ್ ಎಂದರೆ ಇನ್ಫರ್ಮೇಷನ್ ಸೈನ್ಸ್, ಸಿಎಸ್ ಎಂದರೆ ಕಂಪ್ಯೂಟರ್ ಸೈನ್ಸ್. ಮಾಕ್ ಅಲಾಟ್‌ಮೆಂಟ್ (ಸೀಟು ಹಂಚಿಕೆಯ ಪ್ರಾಯೋಗಿಕ ಪಟ್ಟಿ) ಬಂದ ಮೇಲೆ ಇದೇ ಪ್ರಶ್ನೆ ಇನ್ನಷ್ಟು ಗಾಬರಿಯಲ್ಲಿ ಬರುತ್ತದೆ. ಕಾಲೇಜು ನೋಡಿ, ಬ್ರಾಂಚಿನ ಹೆಸರು ಆಮೇಲೆ ಎನ್ನುತ್ತೇನೆ. ಅರ್ಧ ಜನ ನಂಬುವುದಿಲ್ಲ. ಐಎಸ್ ವಿಭಾಗದವರು ಇನ್ನೇನು ಹೇಳಿಯಾರು ಎಂದುಕೊಳ್ಳುತ್ತಾರೇನೋ.

ನಂಬದವರು ಸಿಲಬಸ್ ತೆಗೆದು ನೋಡಬಹುದು. ವಿಟಿಯುವಿನ 2018ರ ಸ್ಕೀಮ್‌ನಲ್ಲಿ ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಕಂಪ್ಯೂಟರ್ ನೆಟ್‌ವರ್ಕ್ಸ್, ಡಿಬಿಎಂಎಸ್ (ಡೇಟಾಬೇಸ್ ನಿರ್ವಹಣೆ), ಆಟೊಮಾಟಾ ಥಿಯರಿ ಎರಡೂ ಬ್ರಾಂಚಿಗೆ ಒಂದೇ, ಸಬ್ಜೆಕ್ಟ್ ಕೋಡ್ ಕೂಡ ಒಂದೇ. ದಾರಿ ಮುಖ್ಯವಾಗಿ ಕವಲೊಡೆಯುವುದು ಆರನೇ ಸೆಮಿಸ್ಟರಿನಲ್ಲಿ: ಸಿಎಸ್‌ನವರಿಗೆ ಕಂಪೈಲರ್ ಮತ್ತು ಗ್ರಾಫಿಕ್ಸ್, ಐಎಸ್‌ನವರಿಗೆ ಫೈಲ್ ಸ್ಟ್ರಕ್ಚರ್ಸ್ ಮತ್ತು ಸಾಫ್ಟ್‌ವೇರ್ ಟೆಸ್ಟಿಂಗ್. ಸ್ಕೀಮ್ ಆಮೇಲೆ ಬದಲಾಗಿದೆ, ಹೊಸದನ್ನೂ ಹೀಗೆಯೇ ಅಕ್ಕಪಕ್ಕ ಇಟ್ಟು ನೋಡಿ. ಎಂಟೆಕ್ ಸೇರಲು ಗೇಟ್ ಬರೆಯಲು ಹೋದರೂ ಇಬ್ಬರಿಗೂ ಒಂದೇ ಪತ್ರಿಕೆ.

ಫೈಲ್ ಸ್ಟ್ರಕ್ಚರ್ಸ್ ಎಂದರೆ ಹುಡುಗರು ಮೂಗು ಮುರಿಯುತ್ತಾರೆ, ಓಬೀರಾಯನ ಕಾಲದ್ದು ಎಂದು. ಡಿಸ್ಕಿನಲ್ಲಿ ದಾಖಲೆಗಳನ್ನು ಹೇಗೆ ಜೋಡಿಸಿ ಹುಡುಕುವುದು ಎಂಬುದೇ ಇದರ ವಿಷಯ. ಒಂದು ಲೆಕ್ಕ ಹಾಕೋಣ. ಡಿಸ್ಕಿನಲ್ಲಿ ಒಂದು ಕೋಟಿ ದಾಖಲೆಗಳು ಅನುಕ್ರಮವಾಗಿ ಇವೆ. ಬೇಕಾದ ಒಂದನ್ನು, ಪ್ರತಿ ಸಲ ನಡುವೆ ನೋಡಿ ಅರ್ಧವನ್ನು ಕೈಬಿಡುವ ಬೈನರಿ ಸರ್ಚ್‌ನಲ್ಲಿ ಹುಡುಕಿದರೆ ಹೆಚ್ಚೆಂದರೆ 24 ಸಲ ಇಣುಕಬೇಕು. ಮೆಮೊರಿಯಲ್ಲಿ ಅದು ಲೆಕ್ಕಕ್ಕಿಲ್ಲದ ಕೆಲಸ. ಆದರೆ ಡಿಸ್ಕಿಗೆ ಹೋಗಿ ಬರುವುದು ಮೆಮೊರಿಗಿಂತ ಎಷ್ಟೋ ಪಟ್ಟು ನಿಧಾನ, ಅಲ್ಲಿ ಪ್ರತಿ ಇಣುಕೂ ದುಬಾರಿ. 1970ರ ಸುಮಾರಿಗೆ ಬೋಯಿಂಗ್ ಕಂಪನಿಯ ಸಂಶೋಧನಾ ವಿಭಾಗದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ಇದಕ್ಕೆಂದೇ ಬಿ-ಟ್ರೀ ಎಂಬ, ಮರದಂತೆ ಕವಲೊಡೆಯುವ ರಚನೆ ಕಟ್ಟಿದರು. ಹೇಗೂ ಡಿಸ್ಕಿನಿಂದ ಒಂದು ಇಡೀ ಬ್ಲಾಕ್ ಬರುತ್ತದೆ, ಆ ಬ್ಲಾಕಿನ ತುಂಬ ಕೀಲಿಗಳನ್ನು (ದಾಖಲೆಗಳ ಗುರುತುಗಳನ್ನು) ತುಂಬಿಬಿಡೋಣ ಎಂಬುದು ಅವರ ಉಪಾಯ. ಒಂದೊಂದು ನೋಡ್‌ನಿಂದ 250 ಕೊಂಬೆ ಹೊರಟರೆ ಮೂರೇ ಹಂತದಲ್ಲಿ ಒಂದೂವರೆ ಕೋಟಿಗೂ ಹೆಚ್ಚು ದಾಖಲೆಗಳನ್ನು ಮುಟ್ಟಬಹುದು. 24ರ ಜಾಗದಲ್ಲಿ 3! ಇವತ್ತು ಡೇಟಾಬೇಸ್ ತಂತ್ರಾಂಶಗಳಾದ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್‌ಗಳಲ್ಲಿ ಇಂಡೆಕ್ಸ್ (ಬೇಗ ಹುಡುಕಲು ಪಕ್ಕದಲ್ಲಿಡುವ ಸೂಚಿ) ಹಾಕಿದಾಗ ಸಾಮಾನ್ಯವಾಗಿ ಕೆಲಸ ಮಾಡುವುದು ಇದೇ ಮನೆತನದ ಮರ. ಕ್ವೆರಿ (ಡೇಟಾಬೇಸಿಗೆ ಕೇಳುವ ಪ್ರಶ್ನೆ) ನಿಧಾನ ಎಂದು ಸರ್ವರಿಗೆ ಇನ್ನಷ್ಟು ರ್‍ಯಾಮ್ ತುಂಬುವವರಿಗೂ ಸರಿಯಾದ ಕಾಲಮ್ಮಿಗೆ ಇಂಡೆಕ್ಸ್ ಹಾಕಿ ಮುಗಿಸುವವರಿಗೂ ಇರುವ ಅಂತರ ಈ ಸಬ್ಜೆಕ್ಟೇ.

ಇನ್ನೊಂದು ಅಂತರ ಲ್ಯಾಬಿನಲ್ಲಿ ಕಾಣುತ್ತದೆ. ಅದೇ ಸ್ಕೀಮ್‌ನ ಡಿಬಿಎಂಎಸ್ ಲ್ಯಾಬಿನ ಮೊದಲ ಪ್ರೋಗ್ರಾಮ್ ಲೈಬ್ರರಿಯದು: ಪುಸ್ತಕ, ಲೇಖಕರು, ಪ್ರಕಾಶಕರು, ಪ್ರತಿಗಳ ಸಂಖ್ಯೆ, ಎರವಲು ಎಂದು ಟೇಬಲ್‌ಗಳು. ಬೇರೆ ಕಾಲೇಜಿಗೆ ಎಕ್ಸ್‌ಟರ್ನಲ್ ಪರೀಕ್ಷಕಿಯಾಗಿ ಹೋದಾಗ ಕ್ವೆರಿ ಬರೆಯುವುದರಲ್ಲಿ ಎಡವುವವರನ್ನು ನಾನು ಕಂಡದ್ದು ಕಡಿಮೆ, ಎಲ್ಲ ಬಾಯಿಪಾಠ. ನಾನು ವೈವಾದಲ್ಲಿ ಕೇಳುವುದು ಬೇರೆ: "ಈ ಪುಸ್ತಕ ವಾಪಸ್ ಬಂದಿದೆಯೋ ಇಲ್ಲವೋ, ಹೇಗೆ ಗೊತ್ತಾಗುತ್ತೆ?" ಎರವಲಿನ ಟೇಬಲ್‌ನಲ್ಲಿ ಕೊಟ್ಟ ದಿನವಿದೆ, ಕೊಡಬೇಕಾದ ಕೊನೆಯ ದಿನವಿದೆ, ವಾಪಸ್ ಬಂದ ದಿನಕ್ಕೆ ಕಾಲಮ್ಮೇ ಇಲ್ಲ. ಟೇಬಲ್ ಜೋಡಿಸುವ ಜಾಯಿನ್, ಆಯ್ದ ಭಾಗ ತೋರಿಸುವ ವ್ಯೂ ಕಲಿಸುವ ಅಭ್ಯಾಸಕ್ಕೆ ಅಷ್ಟು ಸಾಕು. ಲೈಬ್ರರಿ ಕೌಂಟರಿನಲ್ಲಿ ಕೂತವರಿಗೆ ಸಾಲದು, ಅವರು ಫೈನ್ ಲೆಕ್ಕ ಹಾಕುವುದು ಹೇಗೆ? ಒಳ್ಳೇ ವಿದ್ಯಾರ್ಥಿ ಆಗ ಸ್ಕ್ರೀನ್ ಬಿಟ್ಟು ನನ್ನ ಮುಖ ನೋಡುತ್ತಾನೆ, "ಒಂದು ಕಾಲಂ ಸೇರಿಸ್ಬೇಕು ಮೇಡಂ" ಎನ್ನುತ್ತಾನೆ. ಉಳಿದವರು "ಸಿಲಬಸ್‌ನಲ್ಲಿ ಇಷ್ಟೇ ಇರೋದು" ಎನ್ನುತ್ತಾರೆ. ಯಾರು ಯಾವ ಬ್ರಾಂಚು ಎಂಬುದಕ್ಕೂ ಈ ಉತ್ತರಕ್ಕೂ ಸಂಬಂಧ ಕಂಡಿಲ್ಲ.

ಸಂಸ್ಥೆಗೆ ಬೇಕಾದ ಮಾಹಿತಿ ಯಾವುದು, ಅದು ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬ ವಿಚಾರವೇ ಪ್ರಧಾನವಾದ ಕೋರ್ಸೂ ಉಂಟು. ಅಮೆರಿಕದಲ್ಲಿ ಇನ್ಫರ್ಮೇಷನ್ ಸಿಸ್ಟಮ್ಸ್ ಎಂದು ಕರೆಯುವ ಅದು ಬಹಳ ಕಡೆ ಬಿಸಿನೆಸ್ ಸ್ಕೂಲಿನ ಅಂಗ. ನಮ್ಮ ಐಎಸ್ ಅದಲ್ಲ, ಮುಕ್ಕಾಲು ಪಾಲು ಸಿಎಸ್ಸೇ. ಎಂಎಸ್‌ಗೆ ಹೋಗುವವರು ಹೆಸರು ಹೋಲುತ್ತದೆಂದು ಅರ್ಜಿ ಹಾಕುವ ಮೊದಲು ಆ ವಿಭಾಗದ ಕೋರ್ಸುಗಳ ಪಟ್ಟಿ ಓದಿಕೊಳ್ಳಲಿ.

ಲೈಬ್ರರಿ ಪ್ರೋಗ್ರಾಮಿಗೆ ಇನ್ನೂ ಒಂದು ಉಪಯೋಗವಿದೆ, ಮನೆಯಲ್ಲೇ ಮಾಡಿ ನೋಡಬಹುದು. ಒಂದು ಪುಸ್ತಕದ ಒಂದೇ ಪ್ರತಿ ಉಳಿದಿದೆ ಎನ್ನಿ. ಮೈಎಸ್‌ಕ್ಯೂಎಲ್‌ನ ಎರಡು ವಿಂಡೋ ತೆರೆದು ಎರಡರಲ್ಲೂ ಟ್ರಾನ್ಸಾಕ್ಷನ್ (ಒಂದೇ ಗಂಟಾಗಿ ನಡೆಯುವ ಕೆಲಸ) ಶುರು ಮಾಡಿ. ಎಷ್ಟು ಪ್ರತಿ ಇದೆ ಎಂದು ಕೇಳಿದರೆ ಎರಡೂ ಕಡೆ 1 ಎಂದೇ ಬರುತ್ತದೆ. ಮೊದಲನೆಯದರಲ್ಲಿ ಸಂಖ್ಯೆಯಿಂದ ಒಂದು ಕಳೆಯಿರಿ. ಎರಡನೆಯದರಲ್ಲೂ ಕಳೆಯಲು ಹೋದರೆ ಅದು ಲಾಕ್‌ಗೆ ಕಾಯುತ್ತ ಸುಮ್ಮನೆ ನಿಲ್ಲುತ್ತದೆ. ಬೇಗನೆ ಮೊದಲನೆಯದನ್ನು ಕಮಿಟ್ ಮಾಡಿ, ಅಂದರೆ ಬದಲಾವಣೆ ಖಾಯಂ ಮಾಡಿ. ಎರಡನೆಯದು ಮುಂದುವರಿದು ಪ್ರತಿಗಳ ಸಂಖ್ಯೆ -1 ಆಗುತ್ತದೆ. ಈಗ ಅಪ್‌ಡೇಟಿಗೆ 'ಪ್ರತಿ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ' ಎಂಬ ಷರತ್ತು ಸೇರಿಸಿ ಮೊದಲಿನಿಂದ ಮಾಡಿ: ಎರಡನೇ ವಿಂಡೋ ಒಂದು ಸಾಲನ್ನೂ ಬದಲಿಸುವುದಿಲ್ಲ. ಆ ಕೌಂಟರಿನಲ್ಲಿ ನಿಂತ ಓದುಗನಿಗೆ ಏನು ಹೇಳಬೇಕು ಎಂಬುದನ್ನು ಪ್ರೋಗ್ರಾಮಿನಲ್ಲಿ ನೀವೇ ಬರೆಯಬೇಕು.