ರಾಷ್ಟ್ರಮಟ್ಟದ ಚಿನ್ನ ಬಂದಿದೆ, ಹತ್ತನೆಯಲ್ಲಿ ಕ್ರೀಡಾ ಅಂಕ ಸಿಗುತ್ತದೆಯೇ?

ಪ್ರಶ್ನೆ: ಸರ್, ನಾವು ಡೊಂಬಿವಲಿಯವರು. ಮಗಳು ಒಂಬತ್ತನೆಯ ತರಗತಿ, ಚಿಕ್ಕಂದಿನಿಂದ ಕರಾಟೆ ಕಲಿಯುತ್ತಿದ್ದಾಳೆ. ಕಳೆದ ತಿಂಗಳು ಠಾಣೆಯಲ್ಲಿ ನಡೆದ ರಾಷ್ಟ್ರಮಟ್ಟದ ಚಾಂಪಿಯನ್‌ಷಿಪ್‌ನಲ್ಲಿ ಕುಮಿಟೆ (ಎದುರಾಳಿಯೊಡನೆ ಸೆಣಸುವ) ವಿಭಾಗದಲ್ಲಿ ಚಿನ್ನ ಗೆದ್ದಳು. ಮುಂದಿನ ವರ್ಷ ಹತ್ತನೆಯ ಪರೀಕ್ಷೆಯಲ್ಲಿ ಇದಕ್ಕೆ ಕ್ರೀಡಾ ಅಂಕ ಸಿಗುತ್ತದೆಯೇ? ಭಾರತ ತಂಡಕ್ಕೆ ಆಯ್ಕೆಯಾಗಲು ಇನ್ನೇನು ಮಾಡಬೇಕು?

ಉತ್ತರ: ಮಗಳಿಗೆ ನನ್ನ ಅಭಿನಂದನೆ ತಿಳಿಸಿ. ಅಂಕ ಸಿಗುವುದಿಲ್ಲ. ಭಾರತ ತಂಡದ ದಾರಿಯೂ ಇದಲ್ಲ.

ಇಷ್ಟಕ್ಕೇ ನಿಲ್ಲಿಸಿಬಿಡಬಹುದು. ಆದರೆ ಹಾಗೆ ನಿಲ್ಲಿಸಿದಾಗಲೆಲ್ಲ ಇದೇ ಪ್ರಶ್ನೆ ಮುಲುಂಡಿನಿಂದಲೋ ಮೀರಾ ರೋಡಿನಿಂದಲೋ ಇನ್ನೊಂದು ಮಗುವಿನ ಹೆಸರು ಹೊತ್ತು ಬರುತ್ತದೆ. ಪದಕದ ಬಣ್ಣ ಬದಲಾಗಿರುತ್ತದೆ, ಅಷ್ಟೇ. ಆದ್ದರಿಂದ ಈ ಸಲ ಉದ್ದವಾಗಿಯೇ ಬರೆಯುತ್ತೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ಓದಿ ಎಂದು ಹೇಳುವುದು ಎಂದು ತೀರ್ಮಾನಿಸಿದ್ದೇನೆ.

ಮೊದಲು ಅಂಕದ ವಿಷಯ ಮುಗಿಸೋಣ. ಮಹಾರಾಷ್ಟ್ರದಲ್ಲಿ ಹತ್ತನೆಯ ಮತ್ತು ಹನ್ನೆರಡನೆಯ ತರಗತಿಯ ಮಕ್ಕಳಿಗೆ ಕ್ರೀಡಾ ಅಂಕ ಕೊಡುವುದು ನಿಜ. ಅದರ ದಾರಿ ಇರುವುದು ಶಾಲೆಯ ಮೂಲಕ. ಜಿಲ್ಲಾ ಕ್ರೀಡಾಧಿಕಾರಿಯ ಕಚೇರಿ ಶಾಲಾ ಸ್ಪರ್ಧೆಗಳನ್ನು ನಡೆಸುತ್ತದೆ. ಅಲ್ಲಿ ಗೆದ್ದವರು ಜಿಲ್ಲೆಯಿಂದ ವಿಭಾಗಕ್ಕೆ, ವಿಭಾಗದಿಂದ ರಾಜ್ಯಕ್ಕೆ, ಅಲ್ಲಿಂದ ಸ್ಕೂಲ್ ಗೇಮ್ಸ್ ಫೆಡರೇಷನ್ ಆಫ್ ಇಂಡಿಯಾದ ರಾಷ್ಟ್ರೀಯ ಸ್ಪರ್ಧೆಗೆ ಹೋಗುತ್ತಾರೆ. 14, 17 ಮತ್ತು 19 ವರ್ಷದೊಳಗಿನವರ ವಿಭಾಗಗಳಲ್ಲಿ ಕರಾಟೆಯೂ ಇದೆ. ಅಲ್ಲಿಗೆ ನಿಮ್ಮ ಮಗಳ ಹೆಸರು ಕಳುಹಿಸಬೇಕಾದವರು ಶಾಲೆಯವರೇ ಹೊರತು ಕರಾಟೆ ಕ್ಲಾಸಿನವರಲ್ಲ. ಅಂಕದ ಪ್ರಸ್ತಾವವೂ ಶಾಲೆಯಿಂದಲೇ ಕ್ರೀಡಾಧಿಕಾರಿಯ ಕಚೇರಿಗೆ ಹೋಗಿ, ಅಲ್ಲಿ ಶಿಫಾರಸಾಗಿ, ಪರೀಕ್ಷಾ ಮಂಡಳಿಗೆ ತಲುಪಬೇಕು. ಜೂನ್‌ನಲ್ಲಿ ಶಾಲೆ ತೆರೆದ ವಾರವೇ ದೈಹಿಕ ಶಿಕ್ಷಕರನ್ನು ಹೋಗಿ ಕಾಣಿ. ಟೂರ್ನಿಗೆಂದು ಇಡೀ ಭಾನುವಾರ ಕಳೆಯುವ, ದುರಸ್ತಿಗೆಂದು ಲೋಕಲ್ ರೈಲು ನಿಲ್ಲಿಸುವ ಮೆಗಾ ಬ್ಲಾಕ್ ಇದ್ದರೂ ಮಕ್ಕಳನ್ನು ಹೊತ್ತುಕೊಂಡು ಮೂರು ರೈಲು ಬದಲಿಸುವ ತಂದೆ ತಾಯಂದಿರು ಈ ಹತ್ತು ನಿಮಿಷದ ಕೆಲಸವನ್ನು ಮಾತ್ರ ಏಕೆ ಮಾಡುವುದಿಲ್ಲವೋ ನನಗೆ ಇನ್ನೂ ಅರ್ಥವಾಗಿಲ್ಲ.

ಇನ್ನು ಅಸಲು ರೋಗಕ್ಕೆ ಬರುತ್ತೇನೆ. ಬ್ಯಾನರಿನ ಮೇಲೆ ‘ರಾಷ್ಟ್ರಮಟ್ಟ’ ಎಂದು ಬರೆದಿದ್ದರೆ ಸ್ಪರ್ಧೆ ರಾಷ್ಟ್ರಮಟ್ಟದ್ದೇ ಎಂಬ ನಂಬಿಕೆ ಇದೆಯಲ್ಲ, ಅದು.

ನೀವು ಪ್ರಮಾಣಪತ್ರದ ಫೋಟೋ ಕಳುಹಿಸಿದ್ದು ಒಳ್ಳೆಯದಾಯಿತು. ದಪ್ಪ ಹಾಳೆ, ಸುತ್ತ ಹೊಂಬಣ್ಣದ ಅಂಚು. ಮೇಲ್ಗಡೆ ನಾಲ್ಕು ಲಾಂಛನಗಳು: ಒಂದರಲ್ಲಿ ಮುಷ್ಟಿ, ಒಂದರಲ್ಲಿ ಹುಲಿ, ಒಂದರಲ್ಲಿ ಭೂಗೋಳ, ಇನ್ನೊಂದು ಮುದ್ರಣದಲ್ಲಿ ಮಸುಕಾಗಿ ಏನೆಂದೇ ತಿಳಿಯುವುದಿಲ್ಲ. ಕೆಳಗೆ ಮೂರು ಸಹಿ, ಒಂದು ದುಂಡನೆಯ ಮೊಹರು. ಇವನ್ನೆಲ್ಲ ಬಿಟ್ಟು ನಡುವಿನ ಸಾಲು ನೋಡಿ. ಯಾರನ್ನು ಪ್ರತಿನಿಧಿಸಿದಳು ಎಂದು ತುಂಬಬೇಕಾದ ಜಾಗದಲ್ಲಿ ನೀಲಿ ಪೆನ್ನಿನಿಂದ ನಿಮ್ಮ ಕ್ಲಾಸಿನ ಹೆಸರು ಬರೆದಿದ್ದಾರೆ. ನಿಜವಾದ ರಾಷ್ಟ್ರೀಯ ಸ್ಪರ್ಧೆಯಾಗಿದ್ದರೆ ಆ ಜಾಗದಲ್ಲಿ ‘ಮಹಾರಾಷ್ಟ್ರ’ ಎಂದಿರುತ್ತಿತ್ತು. ನಾನು ಗಂಟಲು ಹರಿದುಕೊಂಡು ಹೇಳುವುದೆಲ್ಲ ಆ ಒಂದು ಸಾಲಿನೊಳಗೇ ಇದೆ.

ನಿಮ್ಮ ಮಗಳು ಆಡಿದ್ದು ಓಪನ್ ಟೂರ್ನಿ. ಯಾವ ಡೋಜೋದವರು, ಅಂದರೆ ಕರಾಟೆ ಕ್ಲಾಸಿನವರು, ಬೇಕಾದರೂ ಫೀ ಕಟ್ಟಿ ಮಕ್ಕಳನ್ನು ನೇರವಾಗಿ ಇಳಿಸಬಹುದು. ಸಭಾಂಗಣ ಬಾಡಿಗೆಗೆ ಹಿಡಿದು, ಮ್ಯಾಟ್ ಹಾಸಿ, ಅದಕ್ಕೆ ಏನು ಹೆಸರಿಟ್ಟರೂ ಕೇಳುವವರಿಲ್ಲ. ಎಂಟು ಮೇಜಿನ ಹೋಟೆಲಿಗೆ ‘ಇಂಟರ್‌ನ್ಯಾಷನಲ್’ ಎಂದು ಬೋರ್ಡು ಹಾಕಿದ ಮಾತ್ರಕ್ಕೆ ಅದರ ಶಾಖೆ ದುಬೈಯಲ್ಲಿರುವುದಿಲ್ಲ ಎಂದು ನಮ್ಮವರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಅದೇ ಜನ ಕರಾಟೆಯ ಬೋರ್ಡು ಕಂಡರೆ ಕೈಮುಗಿಯುತ್ತಾರೆ.

ಆಯ್ಕೆಯ ಏಣಿ ಬೇರೆಯೇ ಇದೆ. ಕ್ಲಬ್ ಜಿಲ್ಲಾ ಸಂಸ್ಥೆಯ ಅಡಿಯಲ್ಲಿ, ಜಿಲ್ಲಾ ಸಂಸ್ಥೆ ರಾಜ್ಯ ಸಂಸ್ಥೆಯ ಅಡಿಯಲ್ಲಿ, ರಾಜ್ಯ ಸಂಸ್ಥೆ ರಾಷ್ಟ್ರೀಯ ಸಂಸ್ಥೆಯ ಅಡಿಯಲ್ಲಿ. ಅದರ ಮೇಲೆ ಏಷ್ಯಾದ ಒಕ್ಕೂಟ, ಎಲ್ಲಕ್ಕೂ ಮೇಲೆ ವಿಶ್ವ ಕರಾಟೆ ಒಕ್ಕೂಟ. ರಾಷ್ಟ್ರೀಯ ಸ್ಪರ್ಧೆಗೆ ನಿಮ್ಮನ್ನು ಕಳುಹಿಸುವುದು ರಾಜ್ಯ. ಜಿಲ್ಲೆಯಲ್ಲಿ ಆಯ್ಕೆಯಾಗಿ, ರಾಜ್ಯದಲ್ಲಿ ಗೆದ್ದವರು ಮಾತ್ರ ಅಲ್ಲಿಗೆ ಹೋಗುತ್ತಾರೆ, ಫೀ ಕಟ್ಟಿ ನೇರವಾಗಿ ಒಳಗೆ ಹೋಗುವ ಬಾಗಿಲು ಇಲ್ಲ. ನಮ್ಮ ದೇಶದಲ್ಲಿ ಈ ಏಣಿಯ ನಡುವಿನ ಮೆಟ್ಟಿಲೂ ಆಗಾಗ ಅಲುಗಾಡಿದೆ ಎಂಬುದನ್ನು ಮುಚ್ಚಿಡುವುದಿಲ್ಲ. 2020ರಲ್ಲಿ ಆಗಿನ ರಾಷ್ಟ್ರೀಯ ಸಂಸ್ಥೆ ವಿಶ್ವ ಒಕ್ಕೂಟದ ಮಾನ್ಯತೆ ಕಳೆದುಕೊಂಡಿತು, ಬಳಿಕ ಆ ಸ್ಥಾನಕ್ಕೆ ಕರಾಟೆ ಇಂಡಿಯಾ ಆರ್ಗನೈಸೇಷನ್ ಬಂತು. ಆದ್ದರಿಂದ ‘ನಾವೇ ನಿಜವಾದ ಫೆಡರೇಷನ್’ ಎಂದು ಯಾರಾದರೂ ಎದೆ ತಟ್ಟಿಕೊಂಡರೆ, ವಿಶ್ವ ಒಕ್ಕೂಟದ ಸದಸ್ಯರ ಪಟ್ಟಿಯಲ್ಲಿ ಅವರ ಹೆಸರಿದೆಯೇ ಎಂದು ಆ ದಿನವೇ ನೋಡಿ.

ಈಗ ಪದಕದ ಲೆಕ್ಕ. ಇದನ್ನು ಪ್ರತಿ ಬ್ಯಾಚಿನ ಪೋಷಕರ ಸಭೆಯಲ್ಲೂ ಬೋರ್ಡಿನ ಮೇಲೆ ಬರೆದು ತೋರಿಸುತ್ತೇನೆ, ಎಲ್ಲರೂ ತಲೆಯಾಡಿಸಿ ಮನೆಗೆ ಹೋಗಿ ಮರೆಯುತ್ತಾರೆ. ಓಪನ್ ಟೂರ್ನಿಯಲ್ಲಿ ಮಕ್ಕಳನ್ನು ವಯಸ್ಸಿನಿಂದ ಒಡೆಯುತ್ತಾರೆ, ಬೆಲ್ಟಿನ ಬಣ್ಣದಿಂದ ಒಡೆಯುತ್ತಾರೆ, ತೂಕದಿಂದ ಒಡೆಯುತ್ತಾರೆ. ಒಡೆದು ಒಡೆದು ಕೊನೆಗೆ ಒಂದು ಪೂಲಿನಲ್ಲಿ ನಾಲ್ಕು ಮಕ್ಕಳು ಉಳಿಯುತ್ತಾರೆ. ನಾಲ್ಕು ಮಕ್ಕಳೆಂದರೆ ಎರಡು ಸೆಮಿಫೈನಲ್, ಒಂದು ಫೈನಲ್. ಸೆಮಿಫೈನಲ್‌ನಲ್ಲಿ ಸೋತ ಇಬ್ಬರಿಗೂ ಕಂಚು. ಅಂದರೆ ಒಂದೂ ಪಂದ್ಯ ಗೆಲ್ಲದ ಮಗುವಿನ ಕೊರಳಲ್ಲೂ ಪದಕ! ಮೂರೇ ಮಕ್ಕಳಿದ್ದರೆ ಇನ್ನೂ ಸೊಗಸು: ಒಬ್ಬರಿಗೆ ಬೈ ಸಿಗುತ್ತದೆ, ಆ ಮಗು ಆಡದೆಯೇ ಫೈನಲ್ ತಲುಪುತ್ತದೆ, ಅಲ್ಲಿ ಸೋತರೂ ಬೆಳ್ಳಿ. ಇಡೀ ದಿನದಲ್ಲಿ ಆಡಿದ್ದು ಒಂದು ಪಂದ್ಯ, ಸೋತದ್ದೂ ಅದನ್ನೇ, ಮನೆಗೆ ಬಂದದ್ದು ‘ರಾಷ್ಟ್ರಮಟ್ಟದ ಬೆಳ್ಳಿ’.

ದೊಡ್ಡ ಡ್ರಾದಲ್ಲಿ, ಅಂದರೆ ಸ್ಪರ್ಧಿಗಳ ಪಟ್ಟಿ ಉದ್ದವಿರುವಲ್ಲಿ, ಹೀಗಾಗುವುದಿಲ್ಲ. 32 ಜನರಿದ್ದರೆ ಚಿನ್ನಕ್ಕೆ ಸತತ ಐದು ಪಂದ್ಯ ಗೆಲ್ಲಬೇಕು. ವಿಶ್ವ ಒಕ್ಕೂಟದ ಪದ್ಧತಿಯಲ್ಲಿ ಕಂಚನ್ನೂ ಸುಮ್ಮನೆ ಹಂಚುವುದಿಲ್ಲ. ಫೈನಲ್ ತಲುಪಿದವರ ಕೈಯಲ್ಲಿ ಸೋತವರಿಗೆ ರೆಪಶಾಜ್ ಎಂಬ ಇನ್ನೊಂದು ಸುತ್ತು ಇರುತ್ತದೆ, ಅಲ್ಲಿ ಗೆದ್ದವರಿಗೆ ಮಾತ್ರ ಕಂಚು. ಆದ್ದರಿಂದ ‘ಏನು ಬಂತು’ ಎಂದು ಕೇಳಬೇಡಿ. ಪೂಲಿನಲ್ಲಿ ಎಷ್ಟು ಜನರಿದ್ದರು, ಎಷ್ಟು ಪಂದ್ಯ ಗೆದ್ದೆ ಎಂದು ಮಗುವನ್ನೇ ಕೇಳಿ. ಮಕ್ಕಳು ಇದರಲ್ಲಿ ಸುಳ್ಳು ಹೇಳುವುದಿಲ್ಲ, ಹೇಳುವುದು ನಾವೇ.

ಇಷ್ಟು ಹೇಳಿದ ಮೇಲೂ ಮೂರು ವಾದಗಳು ಬಂದೇ ಬರುತ್ತವೆ. ‘ಗುಜರಾತ್, ಕರ್ನಾಟಕ, ಗೋವಾದಿಂದೆಲ್ಲ ಮಕ್ಕಳು ಬಂದಿದ್ದರು ಸರ್.’ ಬಂದಿರಲಿ. ಗೋವಾದಿಂದ ಬರುವುದು ಬೇರೆ, ಗೋವಾ ಕಳುಹಿಸಿ ಬರುವುದು ಬೇರೆ. ಅದೇ ರೀತಿ ನೇಪಾಳದ ಒಂದು ಡೋಜೋದ ಮಕ್ಕಳು ಬಂದು ಹೋದರೆ ಟೂರ್ನಿ ಅಂತಾರಾಷ್ಟ್ರೀಯವಾಗುವುದಿಲ್ಲ. ‘ಶಾಸಕರು ಉದ್ಘಾಟನೆಗೆ ಬಂದಿದ್ದರು.’ ಅವರು ದಹಿಹಂಡಿಗೂ ಬರುತ್ತಾರೆ. ಮೂರನೆಯದು ಎಲ್ಲಕ್ಕಿಂತ ಗಟ್ಟಿಯಾಗಿ ಬೇರುಬಿಟ್ಟಿರುವುದು: ‘ಸರ್ಟಿಫಿಕೇಟಿನ ಮೇಲೆ ಸರ್ಕಾರದ ನೋಂದಣಿ ಸಂಖ್ಯೆ ಇದೆ.’ ಇದೆ, ನಾನೂ ನೋಡಿದೆ. 1860ರ ಸೊಸೈಟಿ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿ ಒಂದು ಸಂಸ್ಥೆಯನ್ನು ನೋಂದಾಯಿಸಬಹುದು. ಆ ಸಂಖ್ಯೆ ಹೇಳುವುದು ಇಂಥದ್ದೊಂದು ಸಂಸ್ಥೆ ಇದೆ ಎಂದು ಮಾತ್ರ. ಅದು ನಡೆಸುವ ಸ್ಪರ್ಧೆಗೆ ಸರ್ಕಾರ ಮಾನ್ಯತೆ ಕೊಟ್ಟಿದೆ ಎಂದಲ್ಲ. ನಿಮ್ಮ ಊರಿನವರ ಸಂಘವೂ, ಪಕ್ಕದ ಗಲ್ಲಿಯ ಗಣೇಶೋತ್ಸವ ಮಂಡಳಿಯೂ ಹೀಗೆಯೇ ಎಲ್ಲೋ ನೋಂದಾಯಿತವಾಗಿರುತ್ತವೆ.

ಇದನ್ನೂ ಯೋಚಿಸಿ. ಕರಾಟೆ ಒಲಿಂಪಿಕ್ಸ್‌ನಲ್ಲಿ ಆಡಿದ್ದು ಒಂದೇ ಸಲ, 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ. ಅದರಲ್ಲಿ ಭಾರತದಿಂದ ಒಬ್ಬರೂ ಇರಲಿಲ್ಲ. ಮುಂಬೈಯ ಉಪನಗರಗಳಲ್ಲಿ ‘ಅಂತಾರಾಷ್ಟ್ರೀಯ ಚಿನ್ನ’ ಇಲ್ಲದ ವಸತಿ ಸೊಸೈಟಿಯೇ ಇಲ್ಲ. ಆ ಚಿನ್ನವೆಲ್ಲ ಎಲ್ಲಿ ಹೋಯಿತು?

ನಮ್ಮ ಊರಿನವರ ಸಂಘಗಳೂ ಇದರಲ್ಲಿ ಪಾಲುದಾರರೇ. ವಾರ್ಷಿಕೋತ್ಸವದ ಪ್ರತಿಭಾ ಪುರಸ್ಕಾರಕ್ಕೆ ಅರ್ಜಿ ಕರೆಯುತ್ತಾರೆ, ‘ರಾಷ್ಟ್ರಮಟ್ಟ’ ಎಂದು ಬರೆದವರಿಗೆ ವೇದಿಕೆಯ ಮೇಲೆ ಶಾಲು, ಹಣ್ಣಿನ ಬುಟ್ಟಿ, ಮರುದಿನ ಪತ್ರಿಕೆಯಲ್ಲಿ ಫೋಟೋ. ಶಾಲಾ ಸ್ಪರ್ಧೆಯಲ್ಲಿ ಸಾಲಾಗಿ ಮೂವರನ್ನು ಸೋಲಿಸಿ ಕಂಚು ತಂದ ಹುಡುಗಿ ‘ಜಿಲ್ಲಾಮಟ್ಟ’ ಎಂದು ಪ್ರಾಮಾಣಿಕವಾಗಿ ಬರೆದ ತಪ್ಪಿಗೆ ಪಟ್ಟಿಯ ಕೆಳಗೆ. ಸಮಿತಿಯಲ್ಲಿರುವ ಹಿರಿಯರು ಅರ್ಜಿಯಲ್ಲಿ ‘ಗೆದ್ದ ಪಂದ್ಯಗಳ ಸಂಖ್ಯೆ’ ಎಂದು ಒಂದು ಕಾಲಂ ಸೇರಿಸಿದರೆ ಸಾಕು, ಅರ್ಧ ಕಾಯಿಲೆ ಅಲ್ಲೇ ವಾಸಿಯಾಗುತ್ತದೆ.

ಹಾಗಾದರೆ ಓಪನ್ ಟೂರ್ನಿಗಳು ಮೋಸವೇ? ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಇಲ್ಲಿಯವರೆಗೆ ಓದಿದವರು ಹಾಗೆಯೇ ಅಂದುಕೊಂಡಿರುತ್ತಾರೆ. ಮೋಸವಲ್ಲ. ಈ ಊರಿನ ಸಣ್ಣ ಡೋಜೋಗಳು ಬದುಕಿರುವುದೇ ಇವುಗಳಿಂದ. ಹೆಚ್ಚಿನ ಶಿಕ್ಷಕರು ಹಗಲು ಬ್ಯಾಂಕಿನಲ್ಲೋ ಅಂಗಡಿಯಲ್ಲೋ ದುಡಿದು, ಸಂಜೆ ಸೊಸೈಟಿಯ ಟೆರೇಸಿನಲ್ಲಿ ಕಲಿಸುವವರು. ಒಬ್ಬರ ಬಳಿ ಒಂದು ರಿಂಗಿಗೆ ಸಾಕಾಗುವಷ್ಟು ಮ್ಯಾಟ್ ಇರುವುದಿಲ್ಲ. ಟೂರ್ನಿಯ ಹಿಂದಿನ ರಾತ್ರಿ ಮೂರು ಡೋಜೋಗಳ ಮ್ಯಾಟು ಟೆಂಪೋದಲ್ಲಿ ಬರುತ್ತದೆ. ಒಬ್ಬರದು ಕೆಂಪು-ನೀಲಿ, ಇನ್ನೊಬ್ಬರದು ಹಸಿರು, ಅಂಚಿನ ಹಲ್ಲುಗಳು ಒಂದಕ್ಕೊಂದು ಕೂಡುವುದಿಲ್ಲ, ಸೇರುವ ಕಡೆ ಅಗಲದ ಟೇಪು ಅಂಟಿಸುತ್ತಾರೆ. ನೀವು ನನ್ನ ಟೂರ್ನಿಗೆ ಮಕ್ಕಳನ್ನು ಕಳುಹಿಸಿದರೆ ನಾನು ನಿಮ್ಮದಕ್ಕೆ ಕಳುಹಿಸುತ್ತೇನೆ, ಇದು ಬರೆದಿಡದ ಒಪ್ಪಂದ. ಶೋಟೋಕಾನ್‌ನವರ ಟೂರ್ನಿಗೆ ಗೋಜು-ರ್ಯು ಎಂಬ ಇನ್ನೊಂದು ಶೈಲಿಯ ಶಿಕ್ಷಕರು ಬಂದು ಇಡೀ ದಿನ ರೆಫರಿಯಾಗಿ ನಿಲ್ಲುತ್ತಾರೆ. ಅಂಕದ ಮೇಜಿನಲ್ಲಿ ಕೂರುವುದು ನಿನ್ನೆ ಮೊನ್ನೆ ಕಪ್ಪು ಬೆಲ್ಟ್ ಪಡೆದ ಕಾಲೇಜು ಹುಡುಗಿಯರು. ತಮ್ಮ ಶಿಷ್ಯರ ಪಂದ್ಯ ಬಂದಾಗ ಧ್ವಜ ಬೇರೆಯವರ ಕೈಗೆ ಕೊಟ್ಟು ಎದ್ದುಹೋಗುವ ರೆಫರಿಗಳಿರುವ ಟೂರ್ನಿ ಒಳ್ಳೆಯ ಟೂರ್ನಿ. ಮಗುವನ್ನು ಅಂಥದ್ದಕ್ಕೆ ಕಳುಹಿಸಿ. ತನ್ನ ಕ್ಲಾಸಿನವರ ಎದುರು ನೂರು ಸಲ ಗೆದ್ದ ಮಗು ಪರಿಚಯವೇ ಇಲ್ಲದ ಎದುರಾಳಿಯ ಮುಂದೆ ಬಾಗಿ ನಮಸ್ಕರಿಸಿ ನಿಂತಾಗ ಏನಾಗುತ್ತದೆ ಎಂಬುದು ಟೆರೇಸಿನ ಮೇಲೆ ತಿಳಿಯುವುದಿಲ್ಲ.

ಕಳುಹಿಸಿದ ಮೇಲೆ ಗ್ಯಾಲರಿಯಿಂದ ‘ಜೋರಾಗಿ ಹೊಡೆ’ ಎಂದು ಮಾತ್ರ ಕೂಗಬೇಡಿ. ಇದನ್ನು ತುಳುವಿನಲ್ಲಿ ಕೂಗಿದರೂ ರೆಫರಿಗೆ ಅರ್ಥವಾಗುತ್ತದೆ. ವಿಶ್ವ ಒಕ್ಕೂಟದ ನಿಯಮದಲ್ಲಿ ಗುದ್ದಿಗೆ ಒಂದು ಅಂಕ, ಹೊಟ್ಟೆ ಬೆನ್ನಿಗೆ ಬಿದ್ದ ಒದೆತಕ್ಕೆ ಎರಡು, ತಲೆಯ ಎತ್ತರದ ಒದೆತಕ್ಕೆ ಮೂರು. ಆದರೆ ಅದು ಹಿಡಿತದಲ್ಲಿರಬೇಕು. ಎದುರಾಳಿಯ ಮೂಗಿನಿಂದ ರಕ್ತ ಬಂದರೆ ನಿಮ್ಮ ಮಗುವಿಗೆ ಸಿಗುವುದು ಅಂಕವಲ್ಲ, ದಂಡ. ಕಿವಿಯ ಪಕ್ಕಕ್ಕೆ ಕಾಲು ತಂದು, ಚರ್ಮಕ್ಕೆ ತಾಗುವಷ್ಟರಲ್ಲಿ ನಿಲ್ಲಿಸಿ, ಮತ್ತೆ ನೆಲಕ್ಕಿಡುವುದನ್ನು ಕಲಿಯಲು ವರ್ಷಗಳು ಬೇಕು. ಅಂಥ ಒಂದು ಒದೆತ ನನ್ನ ವಿದ್ಯಾರ್ಥಿನಿಯ ಕಾಲಿನಿಂದ ಬಂದ ದಿನ ಅವಳು ಪಂದ್ಯ ಸೋತರೂ ನಾನು ಊಟಕ್ಕೆ ಖುಷಿಯಿಂದ ಕೂರುತ್ತೇನೆ.

ಎಲ್ಲ ಟೂರ್ನಿಗಳೂ ಈ ನಿಯಮದಲ್ಲಿ ನಡೆಯುವುದಿಲ್ಲ ಎಂಬುದು ನೆನಪಿರಲಿ. ಕ್ಯೋಕುಶಿನ್ ಎಂಬ ಶೈಲಿಯವರು ಮೈಗೆ ಪೂರ್ತಿ ಬಲದಿಂದ ಹೊಡೆಯುತ್ತಾರೆ, ಮುಖಕ್ಕೆ ಗುದ್ದುವಂತಿಲ್ಲ, ತಲೆಗೆ ಒದೆಯಬಹುದು. ಅಂಕ ಹೆಕ್ಕುವ ಆಟ ಕಲಿತ ಮಗುವನ್ನು ತಿಳಿಯದೆ ಅಲ್ಲಿಗೆ ಇಳಿಸಿದರೆ ಪಕ್ಕೆಲುಬು ಹಿಡಿದುಕೊಂಡು ಬರುತ್ತದೆ. ಯಾವ ನಿಯಮ, ಯಾವ ರಕ್ಷಾಕವಚ, ವೈದ್ಯರು ಇರುತ್ತಾರೆಯೇ ಇಲ್ಲವೇ ಎಂಬುದು ಎಂಟ್ರಿ ಫಾರಂನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇಲ್ಲದಿದ್ದರೆ ಸಂಘಟಕರಿಗೆ ಫೋನ್ ಮಾಡಿ ಕೇಳಿ, ಆಮೇಲೆ ಸಹಿ ಹಾಕಿ.