ಪಾಲಿಮರ್ ಒಳಗೆ ಚಾರ್ಜ್ ಯಾಕೆ ಇಷ್ಟು ಎಳೆದಾಡತ್ತೆ?

ಲೈಡನ್ ಜಾರ್ ಅಂತ ಒಂದಿತ್ತು, ಚಾರ್ಜ್ ಕೂಡಿಡೋ ಹಳೇ ಕಾಲದ ಕೆಪಾಸಿಟರ್, ಒಳಗೂ ಹೊರಗೂ ಲೋಹದ ಹಾಳೆ ಹೊದಿಸಿದ ಗಾಜಿನ ಜಾಡಿ. ಚಾರ್ಜ್ ತುಂಬಿ ಶಾರ್ಟ್ ಮಾಡಿದ್ರೆ ಚಟ್ ಅಂತ ಕಿಡಿ ಹಾರಿ ಖಾಲಿ. ಆದ್ರೆ ಸ್ವಲ್ಪ ಹೊತ್ತು ಸುಮ್ನೆ ಬಿಟ್ಟು ಮತ್ತೆ ಶಾರ್ಟ್ ಮಾಡಿದ್ರೆ ಇನ್ನೊಂದು ಪುಟ್ಟ ಕಿಡಿ! ಗಾಜಲ್ಲಿ ಉಳ್ಕೊಂಡಿದ್ದ ಚಾರ್ಜ್ ಮೆಲ್ಲಗೆ ಹೊರಗೆ ಬಂದಿರತ್ತೆ. ಜರ್ಮನಿಯ ರುಡಾಲ್ಫ್ ಕೋಲ್‌ರಾಷ್ ಇದನ್ನ ಅಳೆದು 1854ರಲ್ಲಿ ಬರೆದ, ಮೊದಲು ಸರ್ರಂತ ಇಳಿಯತ್ತೆ, ಆಮೇಲೆ ಎಳೀತಾ ಎಳೀತಾ ಮುಗಿಯೋದೇ ಇಲ್ಲ, ಸಾದಾ ಎಕ್ಸ್‌ಪೊನೆನ್ಷಿಯಲ್ ಲೆಕ್ಕಕ್ಕೆ (ಅಂದ್ರೆ ಪ್ರತಿ ಸಲ ಅಷ್ಟೇ ಹೊತ್ತಿಗೆ ಅರ್ಧ ಆಗೋ ಲೆಕ್ಕಕ್ಕೆ) ಕೂರಲ್ಲ ಅಂತ, ಅದಕ್ಕೆ ತನ್ನದೇ ಫಾರ್ಮುಲಾನೂ ಕೊಟ್ಟ.

1913ರಲ್ಲಿ ಭೌತವಿಜ್ಞಾನಿ ಡಿಬೈ ಅಣುಗಳ ಲೆಕ್ಕ ಕೊಟ್ಟ: ಪ್ರತಿ ಡೈಪೋಲ್, ಅಂದ್ರೆ ಒಂದು ತುದಿ ಪ್ಲಸ್ ಇನ್ನೊಂದು ತುದಿ ಮೈನಸ್ ಇರೋ ಅಣು, ತನ್ನಷ್ಟಕ್ಕೆ ತಿರುಗತ್ತೆ, ಅದಕ್ಕೆ ಒಂದೇ ರಿಲಾಕ್ಸೇಶನ್ ಟೈಮ್ (ಮತ್ತೆ ಸುಧಾರಿಸ್ಕೊಳ್ಳೋಕೆ ಹಿಡಿಯೋ ಹೊತ್ತು). ನೀರಿಗೆ ಚೆನ್ನಾಗೇ ಹೊಂದತ್ತೆ. ಪ್ಲಾಸ್ಟಿಕ್ ಥರದ ಪಾಲಿಮರ್‌ಗೆ ಊಹೂಂ, ಯಾಕಂದ್ರೆ ಅಲ್ಲಿ ಡೈಪೋಲ್ ಉದ್ದ ಸರಪಳಿಗೆ ಅಂಟ್ಕೊಂಡಿರತ್ತೆ, ಅದು ಹೊರಳ್ಬೇಕಂದ್ರೆ ಅಕ್ಕಪಕ್ಕದವರೂ ಜರುಗಿ ಜಾಗ ಬಿಡ್ಬೇಕು, ತುಂಬಿದ ಬಸ್ಸಲ್ಲಿ ಮಗ್ಗಲು ಬದಲಾಯಿಸೋ ಪರಿಸ್ಥಿತಿ. 1941ರಲ್ಲಿ ಕೋಲ್ ಸಹೋದರರು, 1967ರಲ್ಲಿ ಹಾವ್ರಿಲಿಯಾಕ್ ಮತ್ತು ನೆಗಾಮಿ ಡಿಬೈ ಫಾರ್ಮುಲಾನ ತಿದ್ದಿದ್ರು. 1970ರಲ್ಲಿ ವಿಲಿಯಮ್ಸ್ ಮತ್ತು ವಾಟ್ಸ್ ಪಾಲಿಮರ್‌ಗೆ ಹಾಕಿದ ಫಾರ್ಮುಲಾ ನೋಡಿದ್ರೆ ಅದೇ ಕೋಲ್‌ರಾಷ್‌ದು!

ಉಪ್ಪು ಸೇರಿದ್ಮೇಲೆ ಕತೆಗೆ ಮಜಾ ಬಂತು. 1973ರಲ್ಲಿ ಪೀಟರ್ ರೈಟ್ ತಂಡ ಪಾಲಿಎಥಿಲೀನ್ ಆಕ್ಸೈಡ್‌ಗೆ, ಅಂದ್ರೆ ಪಿಇಒಗೆ, ಸೋಡಿಯಂ ಪೊಟ್ಯಾಸಿಯಂ ಲವಣ ಸೇರಿಸಿ ಕಾಂಪ್ಲೆಕ್ಸ್ ಮಾಡ್ತು, 70ರ ದಶಕ ಮುಗಿಯೋ ಹೊತ್ತಿಗೆ ಮಿಷೆಲ್ ಅರ್ಮಾಂ ಇದನ್ನ ಬ್ಯಾಟರಿಗೆ ಹಾಕ್ಬಹುದು ಅಂದ. ಅಯಾನ್‌ಗಳು, ಅಂದ್ರೆ ಉಪ್ಪಿನ ಚಾರ್ಜ್ ಇರೋ ಕಣಗಳು, ಸ್ಫಟಿಕದೊಳಗೆ ಪಿಇಒ ಸರಪಳಿ ಸುತ್ತಿಕೊಂಡ ಸುರುಳಿಯಲ್ಲೇ ಓಡ್ತಾವೆ ಅಂತ ಮೊದಲು ಅಂದ್ಕೊಂಡಿದ್ರು, ನೋಡೋಕೆ ಸುರಂಗ ಇದ್ದಂಗೇ ಇದೆಯಲ್ಲ. 1983ರ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣುಗಳ ನಡವಳಿಕೆ ನೋಡೋ ವಿಧಾನ) ಪ್ರಯೋಗ ಅದನ್ನ ತಲೆಕೆಳಗು ಮಾಡ್ತು, ಓಡಾಟ ಬಹುಪಾಲು ಅಸ್ತವ್ಯಸ್ತವಾಗಿರೋ ಅಮಾರ್ಫಸ್ ಭಾಗದಲ್ಲಿ. ಬ್ಯಾಟರಿಯ ಲಿಥಿಯಂ ಅಯಾನನ್ನ ಪಿಇಒ ಸರಪಳಿಯ ಕೆಲವು ಆಕ್ಸಿಜನ್‌ಗಳು ಹಿಡ್ಕೊಂಡಿರ್ತಾವೆ, ಸರಪಳಿ ಅಲ್ಲಾಡಿದಾಗ ಪಕ್ಕದವರ ಕೈಗೆ ದಾಟಿಸ್ತಾವೆ. ಸರಪಳಿ ರಿಲಾಕ್ಸ್ ಆಗ್ಲಿಲ್ಲ ಅಂದ್ರೆ ಅಯಾನೂ ಅಲ್ಲೇ ಠಿಕಾಣಿ. ಪಿಇಒ ಸ್ಫಟಿಕ ಕರಗೋದು ಸುಮಾರು 65 ಡಿಗ್ರಿ ಸೆಲ್ಸಿಯಸ್‌ಗೆ, ಅದಕ್ಕೇ ಈ ಬ್ಯಾಟರಿಗಳನ್ನ ಬಿಸಿ ಮಾಡ್ಕೊಂಡೇ ಓಡಿಸ್ಬೇಕು. ಹಾಗಂತ ಉಪ್ಪು ಜಾಸ್ತಿ ಸುರಿದ್ರೂ ಕೆಲಸ ಕೆಡತ್ತೆ, ಅಯಾನ್‌ಗಳೇ ಸರಪಳಿಗಳನ್ನ ಕಟ್ಟಿಹಾಕಿ ಗ್ಲಾಸ್ ಟ್ರಾನ್ಸಿಷನ್ ತಾಪಮಾನ (ಅದಕ್ಕಿಂತ ತಣ್ಣಗಾದ್ರೆ ಸರಪಳಿ ಗಾಜಿನಂತೆ ಬಿಗಿಯಾಗತ್ತೆ) ಏರಿಸ್ತಾವೆ.

ಅಳೆಯೋದ್ರಲ್ಲೂ ಒಂದು ಕಿರಿಕ್ ಇದೆ. ಅಳೆಯೋಕೆ ಹಾಕೋ ಎಸಿ ವೋಲ್ಟೇಜ್ ಕಡಿಮೆ ಫ್ರೀಕ್ವೆನ್ಸಿಯದಾದ್ರೆ ಅಯಾನ್‌ಗಳು ಎಲೆಕ್ಟ್ರೋಡ್ ಹತ್ರ ಗುಂಪು ಸೇರಿ ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್ (ವಸ್ತು ಚಾರ್ಜ್ ಕೂಡಿಡೋ ಸಾಮರ್ಥ್ಯದ ಅಳತೆ) ಸಾವಿರಗಟ್ಟಲೆ ತೋರಿಸ್ತಾವೆ, ಅದನ್ನ ಪಾಲಿಮರ್ ಗುಣ ಅಂತ ಓದಿದ್ರೆ ಮುಗೀತು. ಅದಕ್ಕೇ 1972ರಲ್ಲಿ ಮ್ಯಾಸಿಡೋ, ಮೊಯ್ನಿಹಾನ್, ಬೋಸ್ ಅಯಾನ್ ಓಡಾಡೋ ಗಾಜಿಗೆ ಬಳಸಿದ ಎಲೆಕ್ಟ್ರಿಕ್ ಮಾಡ್ಯುಲಸ್‌ನ (ಡೈಎಲೆಕ್ಟ್ರಿಕ್ ಕಾನ್‌ಸ್ಟಂಟ್‌ನ ತಲೆಕೆಳಗು ರೂಪ) ಪಾಲಿಮರ್‌ನವರೂ ಎತ್ಕೊಂಡ್ರು, ಅದ್ರಲ್ಲಿ ಎಲೆಕ್ಟ್ರೋಡ್ ಗಲಾಟೆ ಹಿಂದೆ ಸರಿದು ಅಯಾನ್‌ಗಳ ಪೀಕ್ ಕಾಣತ್ತೆ.